‘ಅಮೇಧ್ಯ’: ಯಜ್ಞಶಾಲೆಯಿಂದ ಶರಣರ ಅಂಗಳದವರೆಗೆ

ವಚನಗಳನ್ನು ನಿತ್ಯ ಪಾರಾಯಣ ಮಾಡುವ ಸದ್ಭಕ್ತರಿಗೆ ‘ಅಮೇಧ್ಯ’ ಎಂಬ ಪದ ಅಪರಿಚಿತವಲ್ಲ. ದೇಹದ ನಶ್ವರತೆಯನ್ನು ಹೇಳುವ ಸಂದರ್ಭಗಳಲ್ಲಿ ಶರಣರು ಈ ಪದವನ್ನು ನಿಸ್ಸಂಕೋಚವಾಗಿ ಬಳಸಿದ್ದಾರೆ. ಪ್ರವಚನಗಳಲ್ಲಿ ಈ ಪದ ಬಂದಾಗ ‘ಮಲ’, ‘ಹೊಲಸು’ ಎಂದು ಅರ್ಥ ಹೇಳಿ ಮುಂದಿನ ಸಾಲಿಗೆ ಸಾಗುವುದು ವಾಡಿಕೆ. ಸಭೆಯಲ್ಲಿ ವಿವರಿಸಲು ಸಂಕೋಚವಾಗುವುದು ಸಹಜವೇ ಆಗಿದೆ. ಆದರೆ ಈ ಪದದ ಹುಟ್ಟನ್ನು ಹುಡುಕುತ್ತ ಹೋದರೆ ತಲುಪುವ ಜಾಗ ಪಾಯಿಖಾನೆಯಲ್ಲ, ಯಜ್ಞಶಾಲೆ. ಅಲ್ಲಿಂದ ಹೊರಟ ಪದ ಯಾವ ದಾರಿಯಲ್ಲಿ ನಡೆದು ಮನುಷ್ಯನ ಮಲಕ್ಕೆ ಹೆಸರಾಯಿತು, ಹನ್ನೆರಡನೆಯ ಶತಮಾನದ ಶರಣರ ಕೈಯಲ್ಲಿ ಯಾವ ತಿರುವು ಪಡೆಯಿತು ಎಂಬುದು ಭಾಷೆಯ ಚರಿತ್ರೆ ಮಾತ್ರವಲ್ಲ, ಶುದ್ಧ–ಅಶುದ್ಧಗಳ ಹೆಸರಿನಲ್ಲಿ ಮನುಷ್ಯರನ್ನು ವಿಂಗಡಿಸಿದ ಚರಿತ್ರೆಯೂ ಹೌದು.

ಪದದ ಮೂಲ

‘ಅಮೇಧ್ಯ’ ಸಂಸ್ಕೃತ ಪದ. ಬಿಡಿಸಿದರೆ ಅ + ಮೇಧ್ಯ ಎಂದಾಗುತ್ತದೆ. ‘ಮೇಧ’ ಎಂದರೆ ಯಜ್ಞ. ಯಜ್ಞದಲ್ಲಿ ಅರ್ಪಿತವಾಗುವ ಹವಿಸ್ಸು. ಆ ಹವಿಸ್ಸಿನೊಳಗಿನ ಸಾರ. ‘ಮೇಧ್ಯ’ ಎಂದರೆ ಯಜ್ಞಕ್ಕೆ ಯೋಗ್ಯವಾದದ್ದು. ಆದ್ದರಿಂದ ‘ಅಮೇಧ್ಯ’ ಎಂಬುದರ ಮೊದಲ ಅರ್ಥ ‘ಯಜ್ಞಕ್ಕೆ ಯೋಗ್ಯವಲ್ಲದ್ದು’ ಎಂದಷ್ಟೇ. ಅಶ್ವಮೇಧ, ನರಮೇಧ, ಪುರುಷಮೇಧ ಎಂಬ ಪದಗಳಲ್ಲಿರುವುದೂ ಇದೇ ‘ಮೇಧ’. ಋಗ್ವೇದದಲ್ಲಿ ಇದಕ್ಕೆ ‘ಮಿಯೇಧ’ ಎಂಬ ಇನ್ನೊಂದು ರೂಪವೂ ಇದೆ. ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿ ‘ಮ್ಯಜ್ದ’ ಎಂದರೆ ದೇವರಿಗೆ ಅರ್ಪಿಸುವ ನೈವೇದ್ಯ. ಈ ಎರಡು ಪದಗಳೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ‘ಮೇಧಾವಿ’, ‘ಮೇಧಾಶಕ್ತಿ’ ಎಂಬ ಪದಗಳಲ್ಲಿರುವ ‘ಮೇಧಾ’ ಬೇರೆಯ ಪದ. ಅದರ ಅರ್ಥ ಬುದ್ಧಿ, ಪ್ರಜ್ಞೆ. ಪಾರಸಿಗಳ ಆರಾಧ್ಯದೈವವಾದ ಅಹುರ ಮಜ್ದಾನ ಹೆಸರಿನಲ್ಲಿರುವ ‘ಮಜ್ದಾ’ ಎಂಬುದು ಅದಕ್ಕೆ ಸಂಬಂಧಿಸಿದ್ದು. ಆದ್ದರಿಂದ ‘ಅಮೇಧ್ಯ’ವನ್ನು ‘ಬುದ್ಧಿಯಿಲ್ಲದ್ದು’ ಎಂದು ಬಿಡಿಸುವುದು ಸರಿಯಲ್ಲ.

ಕನ್ನಡದ ಆಡುಮಾತಿನಲ್ಲಿ ಮನುಷ್ಯನ ಮಲಕ್ಕೆ ಇರುವ ಪದ ‘ಹೇಲು’. ಇದು ಅಚ್ಚ ದ್ರಾವಿಡ ಪದ. ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ ‘ಪೇಲ್’ ಹೇಲಾಯಿತು. ತಮಿಳಿನಲ್ಲಿಯೂ ‘ಪೇಲ್’ ಎಂಬ ಕ್ರಿಯಾಪದ ಇದೇ ಅರ್ಥದಲ್ಲಿದೆ. ಈ ಪದ ದೇಹದ ಒಂದು ಕ್ರಿಯೆಯನ್ನು ಹೆಸರಿಸುತ್ತದೆ. ಯಾವುದು ಯಾವುದಕ್ಕೆ ಯೋಗ್ಯ, ಅಯೋಗ್ಯ ಎಂಬ ತೀರ್ಪು ಅದರೊಳಗಿಲ್ಲ. ‘ಅಮೇಧ್ಯ’ದಲ್ಲಾದರೋ ತೀರ್ಪು ಮೊದಲ ಅಕ್ಷರದಲ್ಲೇ ಇದೆ. ಆ ತೀರ್ಪನ್ನು ಕೊಟ್ಟವರು ಯಾರು, ಯಾವುದರ ಮೇಲೆ ಕೊಟ್ಟರು ಎಂಬುದನ್ನು ತಿಳಿಯಲು ಬ್ರಾಹ್ಮಣ ಗ್ರಂಥಗಳ ಕಡೆಗೆ ಹೋಗಬೇಕು.

ಮೇಧವು ಓಡಿಹೋದ ಕಥೆ

ಯಜ್ಞವಿಧಿಗಳನ್ನು ವಿವರಿಸುವ ಐತರೇಯ ಬ್ರಾಹ್ಮಣದ ಎರಡನೆಯ ಪಂಚಿಕೆಯಲ್ಲಿ ಒಂದು ಕಥೆ ಬರುತ್ತದೆ. ದೇವತೆಗಳು ಮೊದಲು ಮನುಷ್ಯನನ್ನೇ ಯಜ್ಞಪಶುವಾಗಿ ಹಿಡಿದರಂತೆ. ಆಗ ಅವನೊಳಗಿನ ಮೇಧವು ಅವನನ್ನು ಬಿಟ್ಟು ಕುದುರೆಯನ್ನು ಸೇರಿತು. ಕುದುರೆಯನ್ನು ಹಿಡಿದಾಗ ಎತ್ತನ್ನು, ಎತ್ತನ್ನು ಹಿಡಿದಾಗ ಕುರಿಯನ್ನು, ಕುರಿಯನ್ನು ಹಿಡಿದಾಗ ಆಡನ್ನು ಸೇರಿತು. ಆಡಿನಲ್ಲಿ ಅದು ಬಹುಕಾಲ ನೆಲೆಸಿತು. ಆದುದರಿಂದಲೇ ಯಜ್ಞಗಳಲ್ಲಿ ಆಡು ಹೆಚ್ಚಾಗಿ ಬಳಕೆಯಾಗುತ್ತದೆ ಎಂದು ಆ ಗ್ರಂಥ ಕಾರಣ ಕೊಡುತ್ತದೆ. ಕೊನೆಗೆ ಮೇಧವು ಆಡನ್ನೂ ಬಿಟ್ಟು ಭೂಮಿಯನ್ನು ಹೊಕ್ಕು ಬತ್ತವಾಯಿತು. ಮೇಧ ಬಿಟ್ಟುಹೋದ ಮೇಲೆ ಉಳಿದವು ಕಿಂಪುರುಷ, ಕಾಡುದನ, ಒಂಟೆ, ಶರಭ ಮೊದಲಾದ ಪ್ರಾಣಿಗಳಾದವು. ಅವು ‘ಅಮೇಧ್ಯ’ವಾದುದರಿಂದ ಅವುಗಳನ್ನು ತಿನ್ನಬಾರದು ಎಂಬುದು ಅಲ್ಲಿಯ ವಿಧಿ.

ಈ ಕಥೆಯಲ್ಲಿ ಅಮೇಧ್ಯ ಎಂಬುದು ದೇಹದಿಂದ ಹೊರಬಿದ್ದ ಕಶ್ಮಲವಲ್ಲ. ಸಾರ ಹೊರಟುಹೋದ ಮೇಲೆ ಉಳಿಯುವ ಬರಿದು ರೂಪ ಅದು. ಮೂಗು ಮುಚ್ಚಿಕೊಳ್ಳುವಂಥದ್ದೇನೂ ಅದರಲ್ಲಿ ಇನ್ನೂ ಸೇರಿಲ್ಲ.

ಇದಕ್ಕಿಂತಲೂ ಗಮನಾರ್ಹವಾದ ಪ್ರಯೋಗ ಶತಪಥ ಬ್ರಾಹ್ಮಣದ ಪ್ರಾರಂಭದಲ್ಲೇ ಇದೆ. ಯಜಮಾನನು ವ್ರತವನ್ನು ಕೈಗೊಳ್ಳುವ ಮೊದಲು ನೀರನ್ನು ಮುಟ್ಟಬೇಕು. ಏಕೆ ಎಂಬ ಪ್ರಶ್ನೆಗೆ ಗ್ರಂಥ ಕೊಡುವ ಉತ್ತರವಿದು: ಮನುಷ್ಯ ಸುಳ್ಳಾಡುವುದರಿಂದ ಅಮೇಧ್ಯನಾಗಿದ್ದಾನೆ, ನೀರು ಮೇಧ್ಯ, ಮೇಧ್ಯನಾಗಿ ವ್ರತವನ್ನು ಕೈಗೊಳ್ಳಲೆಂದು ನೀರನ್ನು ಮುಟ್ಟುತ್ತಾನೆ. ಇಲ್ಲಿ ಮನುಷ್ಯನನ್ನು ಅಮೇಧ್ಯನನ್ನಾಗಿ ಮಾಡುವುದು ಅವನ ದೇಹವಲ್ಲ, ಕುಲವಲ್ಲ, ಕಸುಬಲ್ಲ, ಅವನ ಸುಳ್ಳು. ಈ ಪದಕ್ಕೆ ಇಂಥ ಅರ್ಥವೂ ಒಂದು ಕಾಲದಲ್ಲಿತ್ತು ಎಂಬುದನ್ನು ವಚನಗಳನ್ನು ಓದುವವರು ವಿಶೇಷವಾಗಿ ನೆನಪಿಡಬೇಕು.

ಸುಳ್ಳಿನಿಂದ ಮಲಕ್ಕೆ, ಮಲದಿಂದ ಮನುಷ್ಯನಿಗೆ

ಧರ್ಮಶಾಸ್ತ್ರಗಳ ಕಾಲಕ್ಕೆ ಬರುವಾಗ ಪದದ ಭಾರವೆಲ್ಲ ದೇಹದ ಮೇಲೆ ಬೀಳುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯ ದೇಹವನ್ನು ಹೊಕ್ಕುಳಲ್ಲಿ ಎರಡಾಗಿ ವಿಭಾಗಿಸುತ್ತದೆ. ಹೊಕ್ಕುಳಿನ ಮೇಲಿನ ದ್ವಾರಗಳು ಮೇಧ್ಯ, ಕೆಳಗಿನವು ಅಮೇಧ್ಯ. ದೇಹದಿಂದ ಜಾರಿದ ಮಲಗಳೂ ಅಮೇಧ್ಯ. ಮುಂದುವರಿದು ಮನುಷ್ಯನ ಮಲಗಳು ಹನ್ನೆರಡು ಎಂದು ಎಣಿಸಲಾಗಿದೆ. ಆ ಪಟ್ಟಿಯಲ್ಲಿ ಮಲಮೂತ್ರಗಳ ಜೊತೆಗೆ ರಕ್ತ, ಕಫ, ಕಿವಿಯ ಗುಗ್ಗೆ, ಬೆವರು, ಕೊನೆಗೆ ಕಣ್ಣೀರು ಕೂಡ ಸೇರಿದೆ. ದುಡಿದವನ ಬೆವರು, ದುಃಖಿಯ ಕಣ್ಣೀರು ಎರಡೂ ಮಲವೆಂದು ಎಣಿಕೆಯಾದವು. ಅದೇ ವೇಳೆಯಲ್ಲಿ ಗೋವಿನ ಸಗಣಿ ಮತ್ತು ಗಂಜಲ ಶುದ್ಧಿಯ ಸಾಧನಗಳಾಗಿ ಉಳಿದವು. ಅಂದರೆ ವಿಸರ್ಜಿತವಾದದ್ದೆಲ್ಲ ಅಶುದ್ಧವೆಂಬ ನಿಯಮ ಎಂದೂ ಇರಲಿಲ್ಲ. ಯಾವುದು ಅಶುದ್ಧ ಎಂಬುದನ್ನು ಮನುಷ್ಯರೇ ನಿರ್ಧರಿಸಿದರು.

ಅದೇ ಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ‘ಅಮೇಧ್ಯ’ ಇಂದಿನ ಅರ್ಥದಲ್ಲಿಯೇ ಕಾಣಿಸಿಕೊಳ್ಳುತ್ತದೆ. ತುರ್ತು ಇಲ್ಲದಿದ್ದರೂ ರಾಜಮಾರ್ಗದಲ್ಲಿ ಅಮೇಧ್ಯ ಮಾಡಿದವನು ಎರಡು ಕಾರ್ಷಾಪಣ ದಂಡ ತೆತ್ತು, ಅದನ್ನು ಕೂಡಲೇ ಶುಚಿಗೊಳಿಸಬೇಕು. ಆಪತ್ತಿನಲ್ಲಿರುವವರು, ವೃದ್ಧರು, ಗರ್ಭಿಣಿಯರು, ಮಕ್ಕಳಿಗೆ ದಂಡವಿಲ್ಲ. ಗದರಿಸಿದರೆ ಸಾಕು, ಆದರೆ ಜಾಗ ಶುಚಿಯಾಗಬೇಕು. ಹೊಲಸು ಮಾಡಿದವನೇ ಹೊಲಸನ್ನು ತೆಗೆಯಬೇಕೆಂಬ ನ್ಯಾಯ ಈ ವಿಧಿಯಲ್ಲಿ ಇನ್ನೂ ಉಳಿದಿರುವುದನ್ನು ಗಮನಿಸಬೇಕು.

ಆದರೆ ಈ ನ್ಯಾಯ ಬಹುಕಾಲ ಬಾಳಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ, ಒತ್ತೆಯಾಗಿಟ್ಟ ಮನುಷ್ಯನಿಂದ ಹೆಣವನ್ನಾಗಲಿ ಮಲಮೂತ್ರಗಳನ್ನಾಗಲಿ ಎಂಜಲನ್ನಾಗಲಿ ಎತ್ತಿಸಿದರೆ ಒಡೆಯನು ಕೊಟ್ಟ ಹಣ ಮುಳುಗಿಹೋಗುತ್ತದೆ ಎಂಬ ನಿಯಮವಿದೆ. ನಿಷೇಧ ಇದೆಯೆಂದರೆ ಅಂತಹ ಬಲವಂತವೂ ಇತ್ತೆಂದೇ ಅರ್ಥ. ನಾರದಸ್ಮೃತಿಯಲ್ಲಿ ಮಾತು ಇನ್ನೂ ಸ್ಪಷ್ಟ. ಅದು ಕೆಲಸಗಳನ್ನು ಶುಭ, ಅಶುಭ ಎಂದು ಎರಡಾಗಿ ವಿಂಗಡಿಸುತ್ತದೆ. ಬಾಗಿಲು, ಶೌಚಸ್ಥಾನ, ಬೀದಿ, ತಿಪ್ಪೆಗಳನ್ನು ಗುಡಿಸುವುದು, ಎಂಜಲು ಮತ್ತು ಮಲಮೂತ್ರಗಳನ್ನು ಎತ್ತುವುದು ಅಶುಭ ಕೆಲಸಗಳೆಂದೂ, ಅವು ದಾಸರಿಗೆ ಸೇರಿದವೆಂದೂ ಹೇಳುತ್ತದೆ. ಹೀಗೆ ಮಾಡುವವನು ಒಬ್ಬ, ತೆಗೆಯುವವನು ಇನ್ನೊಬ್ಬ ಎಂಬ ವ್ಯವಸ್ಥೆಗೆ ಶಾಸ್ತ್ರದ ಮುದ್ರೆ ಬಿತ್ತು. ಮಲಕ್ಕೆ ಅಂಟಿದ್ದ ಹೆಸರು ಅದನ್ನು ಎತ್ತುವ ಕೈಗೆ ಅಂಟಿತು, ಕೈಯಿಂದ ಕುಲಕ್ಕೆ ಅಂಟಿತು. ಕೈಯನ್ನು ತೊಳೆಯಬಹುದು, ಕುಲವನ್ನು ತೊಳೆಯುವ ನೀರನ್ನು ಮಾತ್ರ ಯಾವ ಶಾಸ್ತ್ರವೂ ತೋರಿಸಲಿಲ್ಲ.

ಅಕ್ಕನ ಮಾತಿನಲ್ಲಿ ಅಮೇಧ್ಯ

ದೇಹದ ಅಶುಚಿತ್ವವನ್ನು ಧ್ಯಾನಿಸುವ ಪದ್ಧತಿ ನಮ್ಮ ನಾಡಿನಲ್ಲಿ ಶರಣರಿಗಿಂತ ಹಿಂದೆಯೇ ಇತ್ತು. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ‘ಅಶುಚಿ’ ಎಂಬುದು ಒಂದು. ಬೌದ್ಧರಲ್ಲಿಯೂ ದೇಹದ ಒಂದೊಂದು ಭಾಗವನ್ನೂ ಎಣಿಸಿ ಅದರ ಮೇಲಿನ ಮೋಹವನ್ನು ಕಳೆದುಕೊಳ್ಳುವ ಧ್ಯಾನವಿದೆ. ವೈರಾಗ್ಯದ ಈ ನುಡಿಗಟ್ಟು ಹನ್ನೆರಡನೆಯ ಶತಮಾನದ ಕನ್ನಡಿಗರಿಗೆ ಪರಿಚಿತವಾಗಿತ್ತು.

ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದರಲ್ಲಿ ದೇಹವು ಅಮೇಧ್ಯ ತುಂಬಿದ ಪಾತ್ರೆಯಾಗಿ ಬರುತ್ತದೆ. ಇದನ್ನು ಸ್ತ್ರೀದೇಹದ ನಿಂದೆ ಎಂದು ಓದಿದರೆ ಅಕ್ಕನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಹರಿಹರನ ‘ಮಹಾದೇವಿಯಕ್ಕನ ರಗಳೆ’ ಹೇಳುವಂತೆ ಆಕೆಯ ರೂಪಕ್ಕೆ ಮರುಳಾದವನು ಅರಸನಾದ ಕೌಶಿಕ. ಮೋಹದ ಕಣ್ಣಿನಿಂದ ನೋಡುವವನಿಗೆ, ನೀನು ಬಯಸುವ ಈ ದೇಹದಲ್ಲಿ ಇರುವುದಾದರೂ ಏನು ಎಂದು ತೋರಿಸುವ ಮಾತು ಅದು. ಅಲ್ಲಿ ಬೆಂಕಿಗೆ ಬೀಳುವುದು ನೋಡುವವನ ಮೋಹ.

ಇದರಲ್ಲಿ ಇನ್ನೊಂದು ಅಂಶವೂ ಅಡಗಿದೆ. ಅಕ್ಕ ಅಮೇಧ್ಯವನ್ನು ಕಂಡದ್ದು ತನ್ನ ದೇಹದಲ್ಲಿ, ಮನುಷ್ಯದೇಹದಲ್ಲಿ. ಅರಸನ ದೇಹದಲ್ಲೂ ಅದೇ ಇದೆ, ಆಳಿನ ದೇಹದಲ್ಲೂ ಅದೇ ಇದೆ, ಶಾಸ್ತ್ರ ಓದಿದವನಲ್ಲೂ ಬೀದಿ ಗುಡಿಸುವವನಲ್ಲೂ ಅದೇ ಇದೆ. ಸ್ಮೃತಿಕಾರರು ಕೆಲವರ ಪಾಲಿಗೆ ಹಂಚಿಕೊಟ್ಟ ಅಮೇಧ್ಯವನ್ನು ಅಕ್ಕ ಎಲ್ಲರಿಗೂ ಸಮನಾಗಿ ಮರಳಿ ಹಂಚಿದಳು. ಎಲ್ಲರಲ್ಲೂ ಇರುವುದು ಯಾರೊಬ್ಬರ ಕುಲಚಿಹ್ನೆಯಾಗಲು ಸಾಧ್ಯವಿಲ್ಲ.

ಶರಣರು ಕೊಟ್ಟ ತಿರುವು

ಅಮೇಧ್ಯ ಎಂಬ ಪದ ಯಜ್ಞದ ಕೂಸು. ಶರಣರಾದರೋ ಯಜ್ಞವನ್ನೇ ಒಪ್ಪಲಿಲ್ಲ. ಐತರೇಯದ ಕಥೆಯಲ್ಲಿ ಮೇಧವು ಬಹುಕಾಲ ನೆಲೆಸಿದ್ದ ಆ ಆಡನ್ನೇ ನೆನೆದುಕೊಂಡು ಬಸವಣ್ಣನವರು ಒಂದು ವಚನವನ್ನು ನುಡಿದಿದ್ದಾರೆ. ಯಜ್ಞಕ್ಕೆ ಒಯ್ದ ಹೋತವನ್ನು ಉದ್ದೇಶಿಸಿ, ವೇದ ಓದಿದವರ ಮುಂದೆ ಅಳು, ಶಾಸ್ತ್ರ ಕೇಳಿದವರ ಮುಂದೆ ಅಳು ಎಂಬ ಭಾವದಲ್ಲಿ ಮಾತನಾಡಿ, ಅದರ ಅಳುವಿಗೆ ತಕ್ಕುದನ್ನು ಕೂಡಲಸಂಗಮದೇವನೇ ಮಾಡುವನೆಂದು ಭರವಸೆ ಕೊಟ್ಟಿದ್ದಾರೆ. ಶಾಸ್ತ್ರದ ಕಣ್ಣಿಗೆ ಆ ಹೋತ ‘ಮೇಧ್ಯ’ ಪಶು. ಬಸವಣ್ಣನವರ ಕಣ್ಣಿಗೆ ಅಳುವ ಜೀವ. ಯಾವ ವೇದಿಕೆಯ ಮೇಲೆ ನಿಂತು ಮೇಧ್ಯ–ಅಮೇಧ್ಯಗಳ ತೀರ್ಪು ಕೊಡಲಾಗುತ್ತಿತ್ತೋ ಆ ವೇದಿಕೆಯನ್ನೇ ಅವರು ನಿರಾಕರಿಸಿದರು.

ವೇದಿಕೆ ಹೋದ ಮೇಲೆ ಯೋಗ್ಯ–ಅಯೋಗ್ಯಗಳನ್ನು ಅಳೆಯುವುದು ಯಾವುದರಿಂದ? ಶರಣರು ಕೊಟ್ಟ ಉತ್ತರ ‘ಸತ್ಯಶುದ್ಧ ಕಾಯಕ’. ಸತ್ಯವೂ ಶುದ್ಧಿಯೂ ಒಂದೇ ಪದದಲ್ಲಿ ಕೂಡಿಕೊಂಡಿರುವುದನ್ನು ಗಮನಿಸಬೇಕು. ಸುಳ್ಳಿನಿಂದ ಮನುಷ್ಯ ಅಮೇಧ್ಯನಾಗುತ್ತಾನೆ ಎಂದು ಶತಪಥದ ಆರಂಭದಲ್ಲಿ ಹೇಳಿ ಮುಂದೆ ಮರೆತುಹೋದ ಮಾತಿಗೆ ಶರಣರ ಈ ಪದ ಬಹಳ ಸಮೀಪದಲ್ಲಿದೆ. ಒಂದು ವ್ಯತ್ಯಾಸ ಮಾತ್ರ ಮುಖ್ಯವಾದುದು. ಅಲ್ಲಿ ಸುಳ್ಳಿನ ಅಶುದ್ಧಿಯನ್ನು ನೀರು ಮುಟ್ಟಿ ಕಳೆಯಬಹುದಿತ್ತು. ಶರಣರಲ್ಲಿ ಅದಕ್ಕೆ ನೀರು ಸಾಲದು, ನಡೆಯೇ ಬದಲಾಗಬೇಕು.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಇದಕ್ಕೆ ನಿದರ್ಶನ. ಪತಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ಆಸೆಯ ಅಕ್ಕಿ, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಆಕೆ ಹೇಳಿದರು. ಅಕ್ಕಿಯಲ್ಲಿ ಹೊಲಸೇನೂ ಇರಲಿಲ್ಲ. ಮೇಧವು ಕೊನೆಗೆ ಬಂದು ನೆಲೆಸಿದ್ದು ಬತ್ತದಲ್ಲೇ ಎಂಬುದು ಐತರೇಯದ ಮಾತು. ಅಂತಹ ಅಕ್ಕಿಯೂ ಆಸೆ ಬೆರೆತರೆ ಲಿಂಗಾರ್ಪಿತಕ್ಕೆ ಯೋಗ್ಯವಾಗದು ಎಂಬುದು ಲಕ್ಕಮ್ಮನವರ ತೀರ್ಪು.

ಶರಣೆ ಸತ್ಯಕ್ಕನವರ ಜೀವನ ಈ ವಿಚಾರವನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. ಶಿವಮೊಗ್ಗ ಜಿಲ್ಲೆಯ ಶಿರಾಳಕೊಪ್ಪದ ಬಳಿಯ ಜಂಬೂರಿನವರೆಂದು ಹೇಳಲಾಗುವ ಈಕೆಯ ಕಾಯಕ ಶಿವಭಕ್ತರ ಮನೆಯಂಗಳವನ್ನು ಗುಡಿಸುವುದು. ನಾರದಸ್ಮೃತಿಯ ಲೆಕ್ಕದಲ್ಲಿ ಇದು ದಾಸರ ಅಶುಭ ಕೆಲಸ. ಮನುಸ್ಮೃತಿಯ ಎರಡನೆಯ ಅಧ್ಯಾಯ, ಅಮೇಧ್ಯದಲ್ಲಿ ಬಿದ್ದಿದ್ದರೂ ಚಿನ್ನವನ್ನು ತೆಗೆದುಕೊಳ್ಳಬಹುದೆನ್ನುತ್ತದೆ. ಕಸ ಗುಡಿಸುವ ಸತ್ಯಕ್ಕನವರಾದರೋ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ವಸ್ತ್ರ ಬಿದ್ದಿದ್ದರೂ ಕೈಯಿಂದ ಮುಟ್ಟುವುದಿಲ್ಲ, ಲಂಚವಂಚನೆಗೆ ಕೈಚಾಚುವುದಿಲ್ಲ ಎಂದು ತಮ್ಮ ವಚನದಲ್ಲಿ ಪಣ ತೊಟ್ಟಿದ್ದಾರೆ. ಕಸವನ್ನು ಮುಟ್ಟಿದ ಕೈಗೆ ಯಾವ ದೋಷವೂ ಇಲ್ಲ. ಪರರ ಹೊನ್ನನ್ನು ಮುಟ್ಟಿದರೆ ದೋಷ. ಅಶುದ್ಧಿಯ ನೆಲೆಯನ್ನು ಇಷ್ಟು ಸ್ಪಷ್ಟವಾಗಿ ಸ್ಥಳಾಂತರಿಸಿದ ಮಾತು ವಿರಳ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣಧರ್ಮ ನಿರಾಕರಿಸಿದ್ದನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಮೊದಲ ನಾಲ್ಕು ದೇಹಕ್ಕೆ ಸಂಬಂಧಿಸಿದವು, ಐದನೆಯದು ಸಮಾಜಕ್ಕೆ ಸಂಬಂಧಿಸಿದ್ದು. ದೇಹದ ಅಶುದ್ಧಿಯೇ ಜಾತಿಯ ಅಶುದ್ಧಿಗೆ ಬುನಾದಿ ಎಂಬುದನ್ನು ಅರಿತು ಶರಣರು ಐದನ್ನೂ ಒಟ್ಟಿಗೇ ಕಿತ್ತುಹಾಕಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯನವರು ಶರಣ ಪರಂಪರೆಯಲ್ಲಿ ಹಿರಿಯರಾಗಿ ಗೌರವ ಪಡೆದದ್ದು ಈ ನೆಲೆಯಲ್ಲಿ. ಹಣೆಯ ಮೇಲಿನ ವಿಭೂತಿಯೂ ಗೋಮಯವನ್ನು ಸುಟ್ಟ ಬೂದಿಯೇ. ನಿತ್ಯವೂ ಅದನ್ನು ಧರಿಸುವವರಿಗೆ ಶುದ್ಧಿ ವಸ್ತುವಿನಲ್ಲಿಲ್ಲ, ಭಾವದಲ್ಲಿದೆ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನೂ ಮುಗಿಯದ ಚರಿತ್ರೆ

ಶರಣರು ಪದದ ದಿಕ್ಕನ್ನು ಬದಲಿಸಿದರೂ ಸಮಾಜ ಪೂರ್ತಿಯಾಗಿ ಬದಲಾಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿಯೂ ನಮ್ಮ ಪಟ್ಟಣಗಳಲ್ಲಿ ಮನುಷ್ಯರ ಮಲವನ್ನು ಮನುಷ್ಯರೇ ತಲೆಯ ಮೇಲೆ ಹೊರುತ್ತಿದ್ದರು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ ಕಾಯ್ದೆ ಬಂದದ್ದು 1993ರಲ್ಲಿ. ಅದೂ ಸಾಲದೆ 2013ರಲ್ಲಿ ಇನ್ನಷ್ಟು ವ್ಯಾಪಕವಾದ ಕಾಯ್ದೆಯನ್ನು ತರಬೇಕಾಯಿತು.

ಈ ಎರಡು ಕಾಯ್ದೆಗಳ ನಡುವೆ, 2010ರ ಜುಲೈ ತಿಂಗಳಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಡೆದ ಘಟನೆ ನಾಡಿನ ಮನಸ್ಸನ್ನು ಕಲಕಿತು. ತಲೆಮಾರುಗಳಿಂದ ಮಲ ಬಳಿಯುವ ಕೆಲಸ ಮಾಡಿಕೊಂಡು ಬಂದಿದ್ದ ಭಂಗಿ ಸಮುದಾಯದವರು, ತಮ್ಮನ್ನು ವಾಸದ ನೆಲೆಯಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಎದುರು ತಮ್ಮ ಮೈಮೇಲೆ ಮಲವನ್ನು ಸುರಿದುಕೊಂಡರು. ಊರಿನವರು ತಮ್ಮ ಮೇಲೆ ಯಾವುದನ್ನು ಹೊರಿಸಿದ್ದರೋ ಅದನ್ನೇ ಎಲ್ಲರ ಕಣ್ಣೆದುರು ಮೈಗೆ ಹಚ್ಚಿಕೊಂಡು ಅವರು ಪ್ರಶ್ನೆ ಕೇಳಿದರು. ಬಸವಣ್ಣನವರ ನಾಡಿನಲ್ಲಿ ಎಂಟು ಶತಮಾನಗಳ ಬಳಿಕವೂ ಆ ಪ್ರಶ್ನೆ ಕೇಳಬೇಕಾಗಿ ಬಂದದ್ದು ಭಕ್ತರೆನಿಸಿಕೊಂಡವರೆಲ್ಲ ತಲೆತಗ್ಗಿಸಬೇಕಾದ ಸಂಗತಿ.

2014ರ ಮಾರ್ಚ್ 27ರಂದು ಸರ್ವೋಚ್ಚ ನ್ಯಾಯಾಲಯ, 1993ರಿಂದೀಚೆಗೆ ಒಳಚರಂಡಿ ಸ್ವಚ್ಛಗೊಳಿಸುವಾಗ ಮೃತರಾದವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. 2023ರ ಅಕ್ಟೋಬರಿನಲ್ಲಿ ಇನ್ನೊಂದು ತೀರ್ಪಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂತೆಂದರೆ ಸಾವುಗಳು ನಿಂತಿರಲಿಲ್ಲವೆಂದೇ ಅರ್ಥ.

ಕನ್ನಡ ನಾಡು ಇಂದು ಬೀದಿ ಗುಡಿಸುವವರನ್ನು ‘ಪೌರಕಾರ್ಮಿಕ’ ಎಂದು ಗೌರವದಿಂದ ಕರೆಯುತ್ತದೆ. ಪುರಕ್ಕೆ ಸೇರಿದವರು, ಪುರಕ್ಕಾಗಿ ದುಡಿಯುವವರು ಎಂಬ ಅರ್ಥದ ಒಳ್ಳೆಯ ಪದವದು. ಆದರೆ ಪದ ಬದಲಾದ ಮಾತ್ರಕ್ಕೆ ನಡೆ ಬದಲಾಗುವುದಿಲ್ಲ ಎಂಬುದನ್ನು ‘ಅಮೇಧ್ಯ’ದ ದೀರ್ಘ ಚರಿತ್ರೆಯೇ ಹೇಳುತ್ತದೆ. ಬಾಗಿಲಿಗೆ ಬಂದ ಪೌರಕಾರ್ಮಿಕರಿಗೆ ದೂರದಿಂದ ನೀರು ಸುರಿಯುವ ಮನೆಯಲ್ಲಿ ನಿತ್ಯ ಲಿಂಗಪೂಜೆ ನಡೆದರೂ, ಸತ್ಯಕ್ಕನವರು ಗುಡಿಸಿದ ಅಂಗಳಕ್ಕೆ ಆ ಮನೆ ಇನ್ನೂ ಸೇರಿಲ್ಲ.

ಇನ್ನು ಮುಂದೆ ವಚನಪಾರಾಯಣದಲ್ಲಿ ‘ಅಮೇಧ್ಯ’ ಎಂಬ ಪದ ಬಂದಾಗ ಸಂಕೋಚದಿಂದ ದಾಟಿಹೋಗುವ ಬದಲು ಒಂದು ಕ್ಷಣ ನಿಲ್ಲಬೇಕು. ಯಜ್ಞಕ್ಕೆ ಒದಗದ್ದು ಎಂದು ಹುಟ್ಟಿ, ಸುಳ್ಳಾಡುವ ಮನುಷ್ಯನ ಹೆಸರಾಗಿ, ದೇಹದ ಮಲವಾಗಿ, ಕಡೆಗೆ ಬಡವರ ಹಣೆಬರಹವಾದ ಪದವಿದು. ಶರಣರು ಅದನ್ನು ಬಡವರ ಹಣೆಯಿಂದ ತೆಗೆದು ಪ್ರತಿಯೊಬ್ಬನ ಅಂತರಂಗದ ಮುಂದೆ ಇಟ್ಟರು. ಇಂದಿನ ಆಹಾರ ಸತ್ಯಶುದ್ಧ ದುಡಿಮೆಯಿಂದ ಬಂದಿತೇ, ಇಂದಿನ ಮಾತಿನಲ್ಲಿ ಸುಳ್ಳು ಬೆರೆಯಿತೇ, ಇಂದು ಯಾರನ್ನಾದರೂ ಕೀಳಾಗಿ ಕಂಡೆನೇ ಎಂದು ಲಿಂಗದ ಎದುರು ಕುಳಿತು ಕೇಳಿಕೊಳ್ಳುವುದೇ ಆ ಪದಕ್ಕೆ ಸಲ್ಲುವ ನಿಜವಾದ ವ್ಯಾಖ್ಯಾನ.